ಕಡಲು ವಾಪಸ್ ಕೊಟ್ಟ ಕಾಗದ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿಯ ರಸ್ತೆ, ಅಲ್ಲಿಯ ಶುಚಿ, ಅಲ್ಲಿಯ ಅಂಗಡಿ ಅಂತ ಹೇಳಿಕೊಳ್ಳುವುದು ವಾಡಿಕೆ. ನನ್ನನ್ನು ಕೇಳಿದರೆ, ಒಂದು ಚಪ್ಪಲಿ ಕಳೆದುಕೊಂಡು ಒಂದು ಕಾಗದ ತಂದೆ ಅಂತಲೇ ಹೇಳಬೇಕು. ಕೇಳಿದವರು ನಗುತ್ತಾರೆ. ನಗಲಿ ಬಿಡಿ.

ನಾನು ಹುಟ್ಟಿದ್ದು ತಿರುಮಕೂಡಲು ನರಸೀಪುರದಲ್ಲಿ. ನಮ್ಮಪ್ಪ ಅಲ್ಲಿ ಪುರೋಹಿತರು. ಅಸ್ಥಿ ತಂದವರಿಗೆ ಕಪಿಲೆ ಕಾವೇರಿ ಕೂಡುವ ಕಡೆ ಮಂತ್ರ ಹೇಳಿ ನೀರಿಗೆ ಬಿಡಿಸುವುದು ಅವರ ಕೆಲಸ. ಕಾಶಿಗಿಂತ ನಮ್ಮೂರು ಒಂದು ಗುಲಗಂಜಿ ತೂಕ ಹೆಚ್ಚು ಅಂತ ಬಂದವರಿಗೆಲ್ಲ ಹೇಳೋರು. ಎಲ್ಲ ಮುಗಿದ ಮೇಲೆ ಕಡೆಯ ಮಾತು ಒಂದೇ: "ತಿರುಗಿ ನೋಡಬೇಡಿ, ಮೆಟ್ಟಿಲು ಹತ್ತಿ ಹೋಗ್ತಾ ಇರಿ." ಜನ ಹತ್ತಿ ಹೋಗೋರು. ಒಬ್ಬರೂ ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ.

ಮುಂದೆ ನಂಜನಗೂಡಿನಲ್ಲಿ ಮಕ್ಕಳಿಗಾಗಿ ಕೆಲಸ ಮಾಡುವ ಒಂದು ಸಂಸ್ಥೆ ಸೇರಿದೆ. ಸಾವು ಕಂಡ ಮಕ್ಕಳು, ಮಾತು ಬಿಟ್ಟ ಮಕ್ಕಳು, ಹೆದರಿ ರಾತ್ರಿ ಹಾಸಿಗೆ ಒದ್ದೆ ಮಾಡುವ ಮಕ್ಕಳು, ಇವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ತೊಂಬತ್ತರ ದಶಕದ ಕೊನೆಯಲ್ಲಿ ಐದನೇ ಕ್ಲಾಸಿನ ಹುಡುಗನೊಬ್ಬ ಕಪಿಲೆಯಲ್ಲಿ ಮುಳುಗಿ ಹೋದ. ಅವನ ಕ್ಲಾಸಿಗೆ ಕ್ಲಾಸೇ ಮಂಕು ಬಡಿದು ಕೂತಿತು. ನಾನು ಓದಿದ್ದೆಲ್ಲ ಪ್ರಯೋಗ ಮಾಡಿ ಸೋತೆ. ಆಗ ನಮ್ಮ ಆಫೀಸಿನ ಅಟೆಂಡರ್ ಪುಟ್ಟಮಾದಯ್ಯ ಬಾಗಿಲಲ್ಲೇ ನಿಂತು ಅಂದ: "ಅಮ್ಮಾವ್ರೆ, ಆ ಮಕ್ಳ ಎದೇಲಿ ಮಾತು ಕುಂತ್ಬುಟ್ಟದೆ. ಒಳೆಗೆ ಬುಡ್ಸಿ, ಒಂಟೋಯ್ತದೆ."

ಹಾಗೇ ಮಾಡಿದೆವು. ಒಬ್ಬೊಬ್ಬರಿಗೂ ಒಂದು ದೊನ್ನೆ, ಒಂದು ಹೂವು, ಸತ್ತವನಿಗೆ ಹೇಳಬೇಕಾದ್ದನ್ನು ಬರೆದ ಒಂದು ಚೀಟಿ. ನೀರಿಗೆ ಬಿಟ್ಟು, ನಮ್ಮಪ್ಪನ ಮಾತಿನ ಹಾಗೆ, ತಿರುಗಿ ನೋಡದೆ ಮೇಲೆ ಹತ್ತಿದವು ಮಕ್ಕಳು. ಹತ್ತುತ್ತಾ ಹತ್ತುತ್ತಾ ಗೊಳೋ ಅಂತ ಅತ್ತವು. ಮರುವಾರ ಕ್ಲಾಸಿನಲ್ಲಿ ಗಲಾಟೆ ಶುರುವಾಗಿತ್ತು. ನಾನು ಇದನ್ನು ಎರಡು ಪುಟ ಬರೆದು ಕಳಿಸಿದೆ. ಬೆಂಗಳೂರಿನ ನಮ್ಮ ಆಫೀಸಿನವರು ಇಂಗ್ಲಿಷ್ ಮಾಡಿದರು. ಇಂಗ್ಲಿಷ್ ಆದಮೇಲೆ ಕೇಳಬೇಕೆ, ಅದಕ್ಕೆ ರೆಕ್ಕೆ ಬಂತು. ಪುಟ್ಟಮಾದಯ್ಯನ ಹೆಸರು ಮಾತ್ರ ಎಲ್ಲೋ ದಾರಿಯಲ್ಲಿ ಬಿದ್ದುಹೋಯಿತು.

ಸುನಾಮಿ ಅನ್ನುವ ಪದವನ್ನು ನಾವೆಲ್ಲ ಹೊಸದಾಗಿ ಕಲಿತ ಕಾಲ ಅದು. ಎರಡು ಸಾವಿರದ ಐದನೇ ಇಸವಿಯ ಬೇಸಿಗೆ. ಕಡಲು ನುಗ್ಗಿದ ನಾಲ್ಕು ದೇಶಗಳ ಮಕ್ಕಳಿಗೆ ಒಂದೇ ಪುಸ್ತಕ ಅಂತ ಪರದೇಶದ ನಮ್ಮ ಮುಖ್ಯ ಕಚೇರಿಯಲ್ಲಿ ತೀರ್ಮಾನವಾಗಿ, ಅದರಲ್ಲಿ ನನ್ನ ಎರಡು ಪುಟವೂ ಸೇರಿ, ನನ್ನನ್ನು ಸಂಯೋಜಕಿ ಮಾಡಿ ಶ್ರೀಲಂಕಾಕ್ಕೆ ಕಳಿಸಿದರು.

ಕೊಲಂಬೊ

ವಿಮಾನ ನಿಲ್ದಾಣದಲ್ಲಿ ಮೊದಲ ಮಂಗಳಾರತಿ. ಸುಂಕದ ಅಧಿಕಾರಿ ನನ್ನ ಪೆಟ್ಟಿಗೆಯಿಂದ ನಮ್ಮೂರ ಹಲ್ಲುಪುಡಿಯ ಪೊಟ್ಟಣ ತೆಗೆದು, ಮೂಸಿ, ಬೆರಳಿಗೆ ತಿಕ್ಕಿ, ಇನ್ನೊಬ್ಬನನ್ನು ಕರೆದು ಅವನಿಂದಲೂ ಮೂಸಿಸಿದ. ಕೊನೆಗೆ ನಾನೇ ಅವರೆದುರು ಹಲ್ಲು ಉಜ್ಜಿ ತೋರಿಸಿದೆ. ಪೆಟ್ಟಿಗೆಯ ತಳದಲ್ಲಿ ರಸಬಾಳೆ ಬೇರೆ ಇಟ್ಟಿದ್ದೆ, ಅಲ್ಲಿಯವರಿಗೆ ಕೊಡೋಣ ಅಂತ. ಸೀರೆಗಳ ಮಧ್ಯೆ ಅದು ಪಾಯಸವಾಗಿತ್ತು. ನನ್ನ ಬುದ್ಧಿಗಿಷ್ಟು.

ಊಟದ ಪಾಡು ಕೇಳಬೇಡಿ. ತರಕಾರಿ ಅಂತ ಹೇಳಿ ಬಡಿಸಿದ ಪಲ್ಯದಲ್ಲೂ ಒಣಮೀನಿನ ಪುಡಿ ಇರುತ್ತದೆ. ಅವರ ಲೆಕ್ಕದಲ್ಲಿ ಅದು ಮೀನಲ್ಲ, ಒಗ್ಗರಣೆ. ಎರಡು ದಿನ ಅನ್ನ, ಕಾಯಿಹಾಲಿನಲ್ಲೇ ಕಳೆದೆ. ಒಂದು ಸಂಗತಿ ಮಾತ್ರ ಮೆಚ್ಚಿದೆ. ರಸ್ತೆ ದಾಟಲು ಅಂಚಿನಲ್ಲಿ ನಿಂತರೆ ಬಸ್ಸೇ ನಿಂತು ಕಾಯುತ್ತದೆ. ನಂಜನಗೂಡಿನಲ್ಲಿ ಊಟಿ ರಸ್ತೆ ದಾಟಿ ಅಭ್ಯಾಸವಿರುವ ನಾನು ಬಸ್ಸು ಕೆಟ್ಟಿದೆ ಅಂದುಕೊಂಡು ನಿಂತೇ ಇದ್ದೆ. ಡ್ರೈವರ್ ಕೈಬೀಸಿ ಬೇಡಿಕೊಂಡ ಮೇಲೆ ದಾಟಿದೆ.

ಸಭೆಯಲ್ಲಿ ನಾಲ್ಕು ದೇಶದವರಿದ್ದರು. ನಡೆಸಿದವರು ಮುಖ್ಯ ಕಚೇರಿಯಿಂದ ಬಂದಿದ್ದ ಎತ್ತರದ ಹೆಂಗಸು. ನಾನು ಮನಸ್ಸಿನಲ್ಲೇ ದೊರೆಸಾನಿ ಅಂತ ಹೆಸರಿಟ್ಟಿದ್ದೆ. ಕೆಟ್ಟವರೇನಲ್ಲ, ತುಂಬಾ ದಣಿದವರು. ನನ್ನ ಎರಡು ಪುಟವನ್ನು ಅವರು ಹೊಗಳಿದ್ದೇ ಹೊಗಳಿದ್ದು. "ಇದೊಂದು ಎಲ್ಲ ದೇಶಕ್ಕೂ ಸಲ್ಲುತ್ತೆ" ಅಂದರು. ನಾನೂ ಉಬ್ಬಿದೆ. ಸುಳ್ಳು ಯಾಕೆ ಹೇಳಲಿ, ನಮ್ಮಪ್ಪ ಇದ್ದಿದ್ದರೆ ನೋಡಬೇಕಿತ್ತು ಅಂತ ಕೂಡ ಅನ್ನಿಸಿತು.

ಪೂರ್ವದ ದಾರಿ

ಪೂರ್ವದ ಕರಾವಳಿಗೆ ಇಡೀ ದಿನದ ವ್ಯಾನ್ ಪ್ರಯಾಣ. ದಾರಿಯುದ್ದಕ್ಕೂ ಸೈನಿಕರ ತಪಾಸಣೆ. ಇಳಿ, ಹತ್ತು, ಇಳಿ, ಹತ್ತು. ನಡುವೆ ಒಂದು ಗುಡಿಸಲಿನಲ್ಲಿ ಹಾಲಿಲ್ಲದ ಟೀ ಕೊಟ್ಟರು, ಸಕ್ಕರೆ ಬೆರೆಸದೆ. ಜೊತೆಗೊಂದು ಬೆಲ್ಲದ ಚೂರು. ಬೆಲ್ಲ ಕಚ್ಚಿಕೊಂಡು ಟೀ ಕುಡಿಯುವುದು ಅಲ್ಲಿಯ ಪದ್ಧತಿ. ನಾನು ಬೆಲ್ಲವನ್ನು ಲೋಟದೊಳಗೆ ಹಾಕಿ ಕದಡಿದ್ದನ್ನು ಮನೆಯವರೆಲ್ಲ ಹೊರಬಂದು ನೋಡಿದರು.

ಹೊಲ, ತೋಟ, ಒತ್ತುಶಾವಿಗೆ ತಿನ್ನುವ ಜನ, ಎಲ್ಲ ನಮ್ಮ ನರಸೀಪುರದ ಕಡೆಯ ಹಾಗೇ ಇದೆಯಲ್ಲ ಅಂದುಕೊಳ್ಳುವಷ್ಟರಲ್ಲಿ ಕಡಲು ಬಂತು. ಬರೀ ಪಾಯಗಳು. ಪಾಯ ಇದೆ, ಹೊಸಿಲಿದೆ, ಮನೆ ಇಲ್ಲ. ಒಂದು ಕಡೆ ಗೋಡೆಯಿಲ್ಲದ ಬಚ್ಚಲುಮನೆಯಲ್ಲಿ ಬಕೆಟ್ಟು ಹಾಗೇ ಕೂತಿತ್ತು. ನಾನು ಅದನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿಕೊಂಡೆ.

ಅಲ್ಲಿ ನನ್ನನ್ನು ಇಳಿಸಿಕೊಂಡವರು ಸೆಲ್ವಿ ಟೀಚರ್. ತಗಡಿನ ಶೆಡ್ಡಿನಲ್ಲಿ ನಡೆಯುವ ಶಾಲೆಯ ಟೀಚರು, ನಮ್ಮ ಕಾರ್ಯಕ್ರಮದ ಕೆಲಸಗಾರ್ತಿಯೂ ಅವರೇ. ನನ್ನ ಮುರುಕು ತಮಿಳಿಗೆ ನಗದೆ ಉತ್ತರ ಕೊಟ್ಟ ಒಬ್ಬರೇ ಒಬ್ಬರು. ಅವರ ಮಾತನ್ನೆಲ್ಲ ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತೇನೆ.

"ಮೀನು ಹಾಕಿಲ್ಲ ಅಕ್ಕಾ, ನಾನೇ ಮಾಡಿದ್ದು" ಅಂತ ತಟ್ಟೆ ಮುಂದಿಟ್ಟರು. ಎರಡು ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಎರಡು ತಟ್ಟೆ

ಯಾಳಿನಿಗೆ ಒಂಬತ್ತು ವರ್ಷ. ಅಪ್ಪ ಮೊದಲೇ ಇರಲಿಲ್ಲ. ಆವತ್ತು ಬೆಳಿಗ್ಗೆ ಕಡಲು ಅವಳ ತಾಯಿಯನ್ನೂ ಪುಟ್ಟ ತಮ್ಮನನ್ನೂ ಒಯ್ದಿತ್ತು. ತಮ್ಮನ ದೇಹ ಸಿಕ್ಕಿತು. ತಾಯಿ ಸಿಗಲಿಲ್ಲ. ಎರಡು ತಿಂಗಳು ಈ ಹುಡುಗಿ ಬಾಯಿಬಿಟ್ಟಿಲ್ಲ, ಗಂಜಿ ಬಿಟ್ಟು ಇನ್ನೇನೂ ತಿಂದಿಲ್ಲ. ಸೆಲ್ವಿ ಟೀಚರ್ ಅವಳನ್ನು ತಮ್ಮ ಪಕ್ಕದಲ್ಲೇ ಮಲಗಿಸಿಕೊಂಡು, ಏನನ್ನೂ ಕೇಳದೆ, ದಿನಾ ಅವಳ ಕೈಯಲ್ಲಿ ಶಾಲೆಯ ಊಟಕ್ಕೆ ಈರುಳ್ಳಿ ಸುಲಿಸುತ್ತಾ ಇದ್ದರಂತೆ. ಈರುಳ್ಳಿ ಸುಲಿಯುವಾಗ ಅತ್ತರೆ ಯಾರೂ ಯಾಕೆ ಅಂತ ಕೇಳೋದಿಲ್ಲವಲ್ಲ.

ನಾನು ಹೋಗುವ ಹೊತ್ತಿಗೆ ಅವಳು ಮಾತಾಡುತ್ತಿದ್ದಳು. ಮಧ್ಯಾಹ್ನ ಊಟಕ್ಕೆ ಕೂತಾಗ ನೋಡಿದೆ, ಅವಳ ಮುಂದೆ ಎರಡು ತಟ್ಟೆ.

"ಎರಡನೇದು ಯಾರಿಗೆ?" ಅಂದೆ.

"ಅಮ್ಮನಿಗೆ" ಅಂದಳು. ಕಾಯುವವರು ಹೇಳುವ ಹಾಗೆ, ಸಹಜವಾಗಿ. ತಾನು ಉಂಡ ಮೇಲೆ ಆ ಅನ್ನವನ್ನು ಕಾಗೆಗೆ ಹಾಕಿ, ತಟ್ಟೆ ತೊಳೆದಿಟ್ಟಳು.

ನನ್ನ ಕೈಯಲ್ಲಿದ್ದ ಫಾರಂನಲ್ಲಿ ಇದಕ್ಕೊಂದು ಸಾಲಿತ್ತು. ಸಾವನ್ನು ಒಪ್ಪಿಕೊಂಡಿಲ್ಲ. ಅಲ್ಲಿ ಗುರುತು ಹಾಕಿದೆ. ನಾಳೆ ಕಡಲ ದಂಡೆಯಲ್ಲಿ ನೀರಿಗೆ ಬಿಡುವ ಕಾರ್ಯಕ್ರಮ ಮಾಡೋಣ, ಯಾಳಿನಿಯೂ ಬರಲಿ ಅಂತ ಸೆಲ್ವಿ ಟೀಚರಿಗೆ ಹೇಳಿದೆ.

ಅವರು ಈರುಳ್ಳಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ "ಅಕ್ಕಾ, ಕಡಲಲ್ಲಿ ಬೇಡ. ಇಲ್ಲಿ ಯಾರೂ ಹಾಗೆ ಮಾಡಲ್ಲ" ಅಂದರು.

"ಯಾಕೆ?"

"ಹೇಳಕ್ಕೆ ಬರಲ್ಲ. ಬೇಡ ಅನ್ಸುತ್ತೆ."

"ನಮ್ಮ ಕಡೆ ನೂರಾರು ವರ್ಷದಿಂದ ಮಾಡ್ತಿದ್ದಾರೆ ಟೀಚರ್. ನಮ್ಮಪ್ಪ ಅದೇ ಕೆಲಸ ಮಾಡ್ತಿದ್ದರು. ನನಗೆ ಗೊತ್ತು" ಅಂದೆ.

ನನಗೆ ಗೊತ್ತು! ಆ ಮಾತು ನೆನೆದರೆ ಇವತ್ತಿಗೂ ಬಾಯಿ ಕಹಿಯಾಗುತ್ತದೆ. ನಾನು ಮೇಲಿನವಳು, ಅವರು ಕೆಳಗಿನವರು, ಅಷ್ಟೇ. ಅವರು ತಲೆಯಾಡಿಸಿದರು.

ಕಡಲ ದಂಡೆ

ಬೆಳಿಗ್ಗೆ ಹತ್ತು ಮಕ್ಕಳನ್ನು ಕರೆದುಕೊಂಡು ಹೋದೆವು. ತಾಳೆಗರಿಯ ದೊನ್ನೆ, ದಾಸವಾಳ, ಚೀಟಿ. ಯಾಳಿನಿ ಹಿಂದಿನ ಸಂಜೆಯೆಲ್ಲ ಕೂತು ಎರಡೂ ಮಗ್ಗುಲು ತುಂಬಿಸಿ ಬರೆದಿದ್ದಳು. ಕಡಲು ಕಂಡು ಕೆಲವು ಮಕ್ಕಳು ಟೀಚರ ಸೀರೆ ಹಿಡಿದುಕೊಂಡವು. ನೀರು ಶಾಂತವಾಗಿತ್ತು. ಒಬ್ಬೊಬ್ಬರೇ ಬಗ್ಗಿ ದೊನ್ನೆ ಬಿಟ್ಟರು.

"ಈಗ ತಿರುಗಿ ನೋಡಬೇಡಿ. ಮೇಲಕ್ಕೆ ನಡೀರಿ" ಅಂದೆ, ನಮ್ಮಪ್ಪನದೇ ಧಾಟಿಯಲ್ಲಿ.

ಹತ್ತು ಹೆಜ್ಜೆ ಇಟ್ಟಿರಬಹುದು. ನೀರು ಬಂದು ನನ್ನ ಹಿಮ್ಮಡಿ ತಾಕಿತು. ಜೊತೆಗೆ ಇನ್ನೇನೋ ತಾಕಿತು. ನೋಡಿದರೆ ದೊನ್ನೆ. ಒಂದಲ್ಲ, ಎಲ್ಲವೂ. ಮಗುಚಿಕೊಂಡು, ಹೂವು ಉದುರಿ, ಚೀಟಿ ಮರಳಿಗೆ ಅಂಟಿಕೊಂಡು, ಸಾಲಾಗಿ ನಮ್ಮ ಕಾಲ ಬುಡಕ್ಕೇ ಬಂದಿದ್ದವು.

ಹೊಳೆ ಒಯ್ಯುತ್ತದೆ. ಕಡಲು ವಾಪಸ್ ತರುತ್ತದೆ. ಮೀನುಗಾರರ ಮನೆಯ ನಡೆಯಲು ಬಾರದ ಕೂಸಿಗೂ ಗೊತ್ತಿರುವ ಸಂಗತಿ ಇದು. ಹೊಳೆ ದಂಡೆಯಲ್ಲಿ ಹುಟ್ಟಿ, ಹೊಳೆ ದಂಡೆಯಲ್ಲಿ ಸಂಬಳ ತಿಂದ ನನಗೆ ಹೊಳೆಯಲಿಲ್ಲ. ನಾಲ್ಕು ದೇಶದ ದೊಡ್ಡವರು ಓದಿದರು, ಒಬ್ಬರಿಗೂ ಹೊಳೆಯಲಿಲ್ಲ.

ಚಿಕ್ಕ ಮಕ್ಕಳು ಅದನ್ನು ಆಟ ಅಂದುಕೊಂಡು ಮತ್ತೆ ಬಿಡಲು ಓಡಿದವು. ಯಾಳಿನಿ ಓಡಲಿಲ್ಲ. ತನ್ನ ಕಾಗದ ಹೆಕ್ಕಿ, ಮರಳು ಕೊಡವಿ, ಮಡಿಸಿ ಇಟ್ಟುಕೊಂಡಳು. ಟೀಚರ ಹತ್ತಿರ ಏನೋ ಹೇಳಿದಳು. ಟೀಚರ್ ಮುಖ ಬಿಳಿಚಿತು.

"ಏನಂದಳು?"

"ಅಮ್ಮ ತಗೊಳ್ಳಲಿಲ್ಲ ಅಂದಳು."

ಒಂದೂ ಇಲ್ಲ

ಮಧ್ಯಾಹ್ನ ಊಟಕ್ಕೆ ಯಾಳಿನಿ ಬಂದಳು. ಎರಡನೇ ತಟ್ಟೆ ಇಡಲಿಲ್ಲ. ಫಾರಂ ಪ್ರಕಾರ ಗೆದ್ದೆ ನಾನು. ಆಮೇಲೆ ನೋಡಿದರೆ, ಮೊದಲನೆಯದೂ ಇಡಲಿಲ್ಲ. ಸುಮ್ಮನೆ ಕೂತಿದ್ದು ಎದ್ದು ಹೋದಳು. ರಾತ್ರಿಯೂ ಹಾಗೇ, ಮರುದಿನವೂ ಹಾಗೇ.

ಆಗ ಸೆಲ್ವಿ ಟೀಚರ್ ಹೇಳಿದರು. ಆವತ್ತು ನೀರು ಬಂದಾಗ ತಾಯಿ ಇವಳ ಕೈಗೆ ತಮ್ಮನ ಕೈ ಕೊಟ್ಟು, ಬಿಡಬೇಡ ಅಂದು, ಅಜ್ಜಿಯನ್ನು ಕರೆತರಲು ಓಡಿದ್ದಳಂತೆ. ಇವಳು ಮರ ಹತ್ತುವಾಗ ಕೈ ಬಿಟ್ಟುಹೋಯಿತು. ಆ ಕಾಗದದಲ್ಲಿ ಬರೆದದ್ದು ಅದೇ ಅಂತ ಹಿಂದಿನ ರಾತ್ರಿ ಅವಳೇ ಟೀಚರಿಗೆ ಹೇಳಿದ್ದಳಂತೆ. ತಪ್ಪಾಯ್ತಮ್ಮಾ, ಕೈ ಜಾರಿತು, ಕೋಪ ಮಾಡ್ಕೋಬೇಡ ಅಂತ.

"ಅಮ್ಮ ಕಾಗದ ವಾಪಸ್ ಕಳಿಸಿದಳು ಅಂದ್ರೆ ಕ್ಷಮಿಸಲಿಲ್ಲ ಅಂತ ತಿಳ್ಕೊಂಡಿದ್ದಾಳೆ ಅಕ್ಕಾ."

ಅಯ್ಯೋ ದೇವರೇ. ನಾನು ಶೆಡ್ಡಿನ ಹಿಂದೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಈರುಳ್ಳಿ ಸುಲಿಸಿ ಸುಲಿಸಿ ಆ ಹೆಂಗಸು ಇಷ್ಟು ಕಟ್ಟಿದ್ದನ್ನು ನಾನು ಒಂದು ಬೆಳಿಗ್ಗೆಯಲ್ಲಿ ಒಡೆದಿದ್ದೆ. ಸೆಲ್ವಿ ಟೀಚರ್ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಸಲೀಸಾಗುತ್ತಿತ್ತು.

ಸಂಜೆ ಯಾಳಿನಿಯನ್ನು ದಂಡೆಗೆ ಕರೆದುಕೊಂಡು ಹೋದೆ. ಟೀಚರೂ ಬಂದರು. "ನೋಡು ಪುಟ್ಟಾ, ತಪ್ಪು ನಂದು. ಕಡಲು ಎಲ್ಲಾನೂ ವಾಪಸ್ ತರುತ್ತೆ. ನಿನ್ನ ಕಾಗದ ಅಂತಲ್ಲ, ಯಾರದಾದರೂ ಅಷ್ಟೆ" ಅಂದು ಒಂದು ಕರಟ ಎಸೆದೆ. ಬಂತು. ಒಂದು ಕೋಲು ಎಸೆದೆ. ಬಂತು. ಅವಳ ಕಣ್ಣಲ್ಲಿ ಏನೋ ಸ್ವಲ್ಪ ಅಲುಗಿದ ಹಾಗೆ ಕಂಡಿತು. ನನಗೆ ಹುರುಪು ಬಂತು. ಕಾಲಿನ ಚಪ್ಪಲಿ ತೆಗೆದು ಜೋರಾಗಿ ಎಸೆದೆ.

ಕಾದೆವು. ಒಂದು ಅಲೆ ಬಂತು, ಇನ್ನೊಂದು ಬಂತು. ಕತ್ತಲಾಗುತ್ತಾ ಬಂತು. ಚಪ್ಪಲಿ ಬರಲಿಲ್ಲ.

"ಬೇಕಾದ್ದನ್ನ ಇಟ್ಕೊಳ್ಳುತ್ತೆ" ಅಂದಳು ಯಾಳಿನಿ.

ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲಲ್ಲಿ ಮರಳು. ವಾಪಸ್ ನಡೆಯುವಾಗ ಅವಳೇ ಕೇಳಿದಳು, ನಿಮ್ಮೂರಲ್ಲಿ ಎಲ್ಲಿ ಬಿಡ್ತೀರಿ ಅಂತ. ಎರಡು ಹೊಳೆ ಸೇರುವ ಜಾಗ, ನಮ್ಮಪ್ಪ, ಮೆಟ್ಟಿಲು, ಎಲ್ಲ ಹೇಳಿದೆ.

"ಅದು ವಾಪಸ್ ಕೊಡಲ್ವಾ?"

"ಇಲ್ಲ. ಯಾವತ್ತೂ ಕೊಟ್ಟಿಲ್ಲ."

ಮರುದಿನ ನಾನು ಹೊರಡುವ ದಿನ. ವ್ಯಾನಿನ ಕಿಟಕಿಗೆ ಬಂದು ಒಂದು ಪ್ಲಾಸ್ಟಿಕ್ ಪೊಟ್ಟಣ ಕೊಟ್ಟಳು. ಬಿಸಿಲಿಗೆ ಒಣಗಿಸಿ ಮಡಿಸಿದ ಅದೇ ಕಾಗದ. "ನಿಮ್ಮ ಹೊಳೆಗೆ ಬಿಡಿ" ಅಂದಳು. ಬಿಡ್ತೀನಿ ಅಂತ ಮಾತು ಕೊಟ್ಟೆ. ಸೆಲ್ವಿ ಟೀಚರ ಹಳೇ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಅದು ನನಗೆ ಎರಡು ಬೆರಳು ಚಿಕ್ಕದು, ದಾರಿಯುದ್ದಕ್ಕೂ ಕಚ್ಚಿತು.

ಮತ್ತೆ ಕೊಲಂಬೊ

ಆ ಎರಡು ಪುಟ ಕಿತ್ತುಹಾಕಿ ಅಂತ ದೊರೆಸಾನಿಯ ಮುಂದೆ ಕೂತೆ. ನಡೆದದ್ದನ್ನೆಲ್ಲ ಹೇಳಿದೆ, ನನ್ನ ತಪ್ಪು ಅಂತಲೂ ಹೇಳಿದೆ. ಅವರು ಕೇಳಿಸಿಕೊಂಡರು, ಕಣ್ಣು ಒದ್ದೆಯೂ ಆಯಿತು. ಆದರೆ ಪುಸ್ತಕ ಮೂರು ದೇಶಕ್ಕೆ ಆಗಲೇ ಹೋಗಿತ್ತು. ಒಂದು ದೇಶದವರು ದೋಣಿಯಲ್ಲಿ ದೂರ ಹೋಗಿ ಬಿಟ್ಟರಂತೆ, ಚೆನ್ನಾಗಿ ಬಂತಂತೆ, ಫೋಟೋ ತೋರಿಸಿದರು. ಫೋಟೋದಲ್ಲಿ ಮಕ್ಕಳು ಕ್ಯಾಮೆರಾ ನೋಡುತ್ತಿದ್ದವು.

ಎರಡು ಗಂಟೆ ಚರ್ಚೆಯಾಗಿ ಕೊನೆಗೆ ಆ ಪುಟದ ಮೇಲೆ ಒಂದು ಚೀಟಿ ಅಂಟಿಸುವುದು ಅಂತಾಯಿತು: ಹರಿಯುವ ನೀರಿರುವ ಕಡೆ ಮಾತ್ರ. ಕಡಲಿನ ಮಕ್ಕಳಿಗಾಗಿ ಮಾಡಿದ ಪುಸ್ತಕದಲ್ಲಿ! ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಯಿತು ನನ್ನ ಮಾತೆಲ್ಲ. ಈರುಳ್ಳಿಯ ವಿಷಯ ಬರೆದುಕೊಳ್ಳಿ ಅಂದೆ. ಅದನ್ನು ಹೇಗೆ ಬರೆಯುವುದು ಅಂತ ಅವರಿಗೆ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ತಿಳಿಯಲಿಲ್ಲ.

ತಿರುಮಕೂಡಲು

ಊರಿಗೆ ಬಂದ ಭಾನುವಾರವೇ ಸಂಗಮಕ್ಕೆ ಹೋದೆ. ಪುಟ್ಟಮಾದಯ್ಯ ನಂಜನಗೂಡಿನಿಂದ ಜೊತೆಗೆ ಬಂದ. ಬಸ್ಸಿನಲ್ಲಿ ಅವನಿಗೆ ಎಲ್ಲ ಹೇಳಿದ್ದೆ. ಅವನು ಕಡಲು ಕಂಡವನಲ್ಲ. "ಕೊಟ್ಟಿದ್ನ ವಾಪಸ್ ಎಸೀತದಾ? ಅದೆಂಥ ನೀರು ಅಮ್ಮಾವ್ರೆ ಅದು" ಅಂತ ಎರಡು ಸಲ ಕೇಳಿದ.

ಬೇಸಿಗೆಯ ಹೊಳೆ, ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ದೊನ್ನೆಯಲ್ಲಿ ಪೊಟ್ಟಣ ಇಟ್ಟುಕೊಂಡು ಮೊಣಕಾಲು ನೀರಿಗೆ ಇಳಿದೆ. ಮೇಲೆ ಯಾರೋ ಅಸ್ಥಿ ಬಿಟ್ಟವರು ತಿರುಗಿ ನೋಡದೆ ಮೆಟ್ಟಿಲು ಹತ್ತುತ್ತಿದ್ದರು.

"ಬುಡಿ ಅಮ್ಮಾವ್ರೆ" ಅಂದ ಪುಟ್ಟಮಾದಯ್ಯ. "ಒಂಟೋಯ್ತದೆ."

"ಎಲ್ಲಿಗೆ ಹೋಗುತ್ತೆ ಪುಟ್ಟಮಾದಯ್ಯ?"

"ಎಲ್ಗೋಯ್ತದೆ? ತಮಿಳುನಾಡಿಗೆ. ಅಲ್ಲಿಂದ ಸಮುದ್ರಕ್ಕೆ."

ಅಷ್ಟು ಹೇಳಿ ಅವನೇ ಬಾಯಿ ಮುಚ್ಚಿಕೊಂಡ. ನಾಲ್ಕನೇ ಕ್ಲಾಸಿನಲ್ಲಿ ನಾನೂ ಬಾಯಿಪಾಠ ಮಾಡಿದ್ದೆ, ಕಾವೇರಿ ಬಂಗಾಳ ಕೊಲ್ಲಿ ಸೇರುತ್ತದೆ ಅಂತ. ಯಾಳಿನಿಯ ದಂಡೆಗೆ ಬಂದು ಬಡಿಯುವ ನೀರೂ ಅದೇ. ನಮ್ಮ ಹೊಳೆ ಏನನ್ನೂ ಇಟ್ಟುಕೊಳ್ಳುವುದಿಲ್ಲ. ನಾವು ತಿರುಗಿ ನೋಡುವುದಿಲ್ಲ, ಅಷ್ಟೇ.

ಬಿಡಲಾಗಲಿಲ್ಲ. ಕಾಗದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ಬರೀ ದೊನ್ನೆ ನೀರಿಗೆ ಹಾಕಿ ಮೇಲೆ ಬಂದೆ. ಹತ್ತುವಾಗ ತಿರುಗಿ ನೋಡಿದೆ. ಖಾಲಿ ದೊನ್ನೆ ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡಿತ್ತು.

ಸೆಲ್ವಿ ಟೀಚರಿಗೆ ಪತ್ರ ಬರೆಯುವಾಗ, ಬಿಟ್ಟೆ ಅಂತ ಒಂದು ಸುಳ್ಳು ಹೇಳಿದ್ದರೆ ಆಗಿತ್ತು. ಮಗುವಿಗೆ ಸಮಾಧಾನ, ನನಗೂ ಸಮಾಧಾನ. ಆದರೆ ನನಗೆ ಗೊತ್ತು ಅಂತ ಇನ್ನೊಂದು ಸಲ ನಿರ್ಧಾರ ಮಾಡಲು ಧೈರ್ಯ ಬರಲಿಲ್ಲ. ಬಿಡಲಿಲ್ಲ, ಯಾಕೆ ಬಿಡಲಿಲ್ಲ, ಕಾಗದ ನನ್ನ ಹತ್ತಿರವೇ ಇದೆ, ಓದಿಲ್ಲ, ನನಗೆ ತಮಿಳು ಅಕ್ಷರ ಬಾರದು, ಯಾರ ಕೈಲೂ ಓದಿಸುವುದಿಲ್ಲ. ಇಷ್ಟು ಬರೆದೆ. ಅವಳು ಊಟ ಮಾಡುತ್ತಾಳಾ ಅಂತ ಕೊನೆಗೆ ಕೇಳಿದೆ.

ತಿಂಗಳು ಕಳೆದು ಉತ್ತರ ಬಂತು. ಟೀಚರ್ ಇಂಗ್ಲಿಷಿನಲ್ಲಿ ಕಷ್ಟಪಟ್ಟು ಬರೆದಿದ್ದರು. ನಾನು ಬಂದಮೇಲೆ ಬಹಳ ದಿನ ಯಾಳಿನಿ ಗಂಜಿಯಲ್ಲೇ ಇದ್ದಳಂತೆ. ನನ್ನ ಪತ್ರ ಓದಿ ಹೇಳಿದಾಗ, ನಿಜವಾಗಲೂ ಅವರ ಹತ್ತಿರ ಇದೆಯಾ ಅಂತ ಮೂರು ಸಲ ಕೇಳಿದಳಂತೆ. ಇದೆ ಅಂದರಂತೆ ಟೀಚರ್. "ಹಾಗಾದ್ರೆ ಆವತ್ತೂ ಅಮ್ಮನ ಕೈಗೇ ಸಿಕ್ಕಿಲ್ಲ. ಓದೇ ಇಲ್ಲ" ಅಂದಳಂತೆ. ಆಮೇಲೆ ಹೇಳಿದಳಂತೆ: ಜೋಪಾನವಾಗಿ ಇಟ್ಟುಕೊಂಡಿರಲಿ, ಅಮ್ಮ ಬಂದ ಮೇಲೆ ತರಿಸಿಕೊಂಡು ನಾನೇ ಕೊಡ್ತೀನಿ.

ಆವತ್ತು ಮಧ್ಯಾಹ್ನ ಮತ್ತೆ ಎರಡು ತಟ್ಟೆ ಇಟ್ಟಳಂತೆ.

ಕಾಗದ ನನ್ನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇದೆ. ವರ್ಷದ ಕೊನೆಯಲ್ಲಿ ಅವಳ ಫಾರಂ ತುಂಬಿ ಕಳಿಸಿ ಅಂತ ಮುಖ್ಯ ಕಚೇರಿಯಿಂದ ಬಂತು. ಸಾವನ್ನು ಒಪ್ಪಿಕೊಂಡಿದ್ದಾಳೆಯೇ ಅನ್ನುವ ಸಾಲಿನ ಮುಂದೆ ಹೌದು, ಇಲ್ಲ ಎರಡೇ ಚೌಕ. ಎರಡನ್ನೂ ಖಾಲಿ ಬಿಟ್ಟು, ಪಕ್ಕದಲ್ಲಿ, ಊಟ ಮಾಡುತ್ತಿದ್ದಾಳೆ ಅಂತ ಬರೆದೆ.